ಒಂದು ಕೆಂಪು ಗೆರೆ ಮತ್ತು ‘ಟ್ಯಾಂಕ್’ ಎಂಬ ಪದದ ಪುರಾಣ



ಮೂವತ್ತಕ್ಕೂ ಹೆಚ್ಚು ವರ್ಷ ಇಂಗ್ಲಿಷ್ ಭಾಷೆಯನ್ನು ಬೋಧಿಸಿದ ನಾನು ಕೆಂಪು ಮಸಿಯಿಂದ ಗೆರೆ ಎಳೆದ ಉತ್ತರಗಳು ಎಷ್ಟೆಂದು ಲೆಕ್ಕ ಇಟ್ಟವನಲ್ಲ. ಅವುಗಳಲ್ಲಿ ಬಹುಪಾಲು ಗೆರೆಗಳು ನ್ಯಾಯವಾದವೇ ಆಗಿದ್ದವು ಎಂದು ಈಗಲೂ ನಂಬಿದ್ದೇನೆ. ಆದರೆ ಒಂದು ಗೆರೆ ಮಾತ್ರ ನಿವೃತ್ತಿಯ ನಂತರವೂ ನನ್ನನ್ನು ಬಿಡಲಿಲ್ಲ. ಅದರ ಕಥೆ ಹೇಳಬೇಕಾದರೆ ಒಂದು ಇಂಗ್ಲಿಷ್ ಪದದ ಕಥೆಯನ್ನೂ ಹೇಳಬೇಕು. ಪದ ಚಿಕ್ಕದು, ಎಲ್ಲರ ಬಾಯಲ್ಲೂ ಇರುವಂಥದು: ‘ಟ್ಯಾಂಕ್’.

1978ನೆಯ ಇಸವಿ. ಭಾಲ್ಕಿಯ ಒಂದು ಪ್ರೌಢಶಾಲೆಯಲ್ಲಿ ನಾನು ಎಂಟನೆಯ ತರಗತಿಗೆ ಇಂಗ್ಲಿಷ್ ಹೇಳುತ್ತಿದ್ದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಐದು ಪದಗಳನ್ನು ಕೊಟ್ಟು ಅರ್ಥ ಬರೆದು ವಾಕ್ಯದಲ್ಲಿ ಬಳಸಲು ಹೇಳಿದ್ದೆ. ಅದರಲ್ಲಿ ‘ಟ್ಯಾಂಕ್’ ಒಂದು. ನಾನು ತರಗತಿಯಲ್ಲಿ ಹೇಳಿಕೊಟ್ಟಿದ್ದ ಅರ್ಥ ‘ಕೆರೆ’. ಎಲ್ಲರೂ ಹಾಗೆಯೇ ಬರೆದರು. ಔರಾದ ತಾಲೂಕಿನ ಗಡಿಯ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗನೊಬ್ಬ ಮಾತ್ರ ಅರ್ಥ ಬರೆಯದೆ, ತನ್ನ ಮುರುಕು ಇಂಗ್ಲಿಷಿನಲ್ಲಿ, ಇದು ನಮ್ಮದೇ ಪದ, ನಮ್ಮ ಆಜಿ ಹೀಗೆ ಅನ್ನುತ್ತಾಳೆ ಎಂದು ಬರೆದು ಮುಂದೆ ನಾಲ್ಕು ಇಂಗ್ಲಿಷ್ ಅಕ್ಷರ ಬರೆದಿದ್ದ: ಟಿ, ಎ, ಕೆ, ಇ. ಅವನದು ಮರಾಠಿ ಮಾತಾಡುವ ಮನೆ. ಕನ್ನಡವನ್ನು ಶಾಲೆಯಲ್ಲಿ ಕಲಿತವನು.

ನಾನು ಅದನ್ನು ಇಂಗ್ಲಿಷಿನ ‘ಟೇಕ್’ ಎಂದು ಓದಿದೆ. ಓದಿ ಸುಮ್ಮನಿರದೆ, ಉತ್ತರಪತ್ರಿಕೆ ಹಂಚುವಾಗ ಇಡೀ ತರಗತಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ. ಹುಡುಗರು ನಕ್ಕರು. ಅವನು ಎದ್ದು ನಿಂತು, “ಟೇಕ್ ಅಲ್ರಿ ಸರ್, ಟಾಕೆ” ಎಂದ. “ಟಾಕಿ ಅಂದ್ರ ಸಿನೆಮಾದ ಟಾಕೀಸಲ್ಲೇನೊ?” ಎಂದೆ. ನಗೆ ಇನ್ನೂ ಹೆಚ್ಚಾಯಿತು. ಆ ದಿನದಿಂದ ಆ ಹುಡುಗನಿಗೆ ‘ಟಾಕೀಸ್’ ಎಂಬ ಅಡ್ಡಹೆಸರು ಬಿತ್ತು. ಆ ವರ್ಷ ಮುಗಿದ ಮೇಲೆ ಅವನು ನಮ್ಮ ಶಾಲೆಗೆ ಮರಳಿ ಬರಲಿಲ್ಲ.

ಇರಲಿ. ಈಗ ಪದದ ಕಡೆಗೆ ಬರೋಣ.

ಇಂಗ್ಲಿಷಿನಲ್ಲಿ ಬರೆದ ನಮ್ಮ ನಾಡಿನ ಹಳೆಯ ದಾಖಲೆಗಳನ್ನು ಓದಿದವರಿಗೆ ‘ಟ್ಯಾಂಕ್’ ಎಂಬುದು ಎಷ್ಟು ಹಸಿದ ಪದವೆಂದು ಗೊತ್ತಿರುತ್ತದೆ. ನಮ್ಮಲ್ಲಿ ಕೆರೆ ಬೇರೆ, ಕಟ್ಟೆ ಬೇರೆ, ಕುಂಟೆ ಬೇರೆ, ಹೊಂಡ ಬೇರೆ, ದೇವಸ್ಥಾನದ ಮುಂದಿನ ಪುಷ್ಕರಣಿ ಬೇರೆ. ಸಾಹೇಬರ ಕಡತದಲ್ಲಿ ಇವೆಲ್ಲವೂ ‘ಟ್ಯಾಂಕ್’. ಬಸವಕಲ್ಯಾಣದ ತ್ರಿಪುರಾಂತ ಕೆರೆಯೂ ಟ್ಯಾಂಕ್, ಬೀದರಿನ ಪಾಪನಾಶ ಕೆರೆಯೂ ಟ್ಯಾಂಕ್, ಮಠದ ಹಿತ್ತಲಿನ ಎಂಟು ಮೆಟ್ಟಿಲಿನ ಹೊಂಡವೂ ಟ್ಯಾಂಕ್. ಹೈದರಾಬಾದಿಗೆ ಹೋಗಿ ಬಂದ ನಮ್ಮ ಹುಡುಗರು ‘ಟ್ಯಾಂಕ್ ಬಂಡ್ ನೋಡಿ ಬಂದೆವು’ ಎನ್ನುತ್ತಾರೆ. 16ನೆಯ ಶತಮಾನದಲ್ಲಿ ಕುತುಬ್‌ಶಾಹಿಗಳ ಕಾಲದಲ್ಲಿ ಕಟ್ಟಿದ ಹುಸೇನ್ ಸಾಗರವೆಂಬ ದೊಡ್ಡ ಕೆರೆಯ ಏರಿ ಅದು. ‘ಕೆರೆ ಏರಿ’ ಎಂದರೆ ಹಳ್ಳಿ, ‘ಟ್ಯಾಂಕ್ ಬಂಡ್’ ಎಂದರೆ ಶಹರು. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದವನಿಗೆ ಮಾತ್ರ ಟ್ಯಾಂಕಿನಲ್ಲಿ ದೋಣಿ ವಿಹಾರ ಎಂದರೆ ತಲೆ ತಿರುಗೀತು. ಅವನ ಪಾಲಿಗೆ ಟ್ಯಾಂಕೆಂದರೆ ತಗಡಿನ ಪೆಟ್ಟಿಗೆ.

ನಮ್ಮ ಬೀದರ ನೀರಿನ ಪದಗಳಿಗೆ ಬಡ ಊರಲ್ಲ. ಮುರಕಲ್ಲಿನ ಎತ್ತರದ ದಿಬ್ಬದ ಮೇಲೆ ಕೂತ ಊರಿಗೆ ನೀರು ತರುವುದೇ ಒಂದು ವಿದ್ಯೆ. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಗುಲಬರ್ಗಾದಿಂದ ಇಲ್ಲಿಗೆ ತಂದಾಗ ಪರ್ಷಿಯಾದ ವಿದ್ಯೆಯೂ ಜೊತೆಗೆ ಬಂತು. ಭೂಮಿಯೊಳಗೆ ಸುರಂಗ ಕೊರೆದು, ನಡುನಡುವೆ ಗಾಳಿಬಾವಿ ಬಿಟ್ಟು, ಇಳಿಜಾರಿನ ಬಲದಿಂದಲೇ ನೀರು ಹರಿಸುವ ಆ ವ್ಯವಸ್ಥೆಯ ಹೆಸರು ‘ಕರೇಜ್’. ನೌಬಾದದ ಕರೇಜ್, ಶುಕ್ಲತೀರ್ಥದ ಕರೇಜ್, ಊರೊಳಗಿನ ಜಮನಾ ಮೋರಿ, ಮೂರನ್ನೂ ಇಂದಿಗೂ ಗುರುತಿಸಬಹುದು. ನಮ್ಮ ಜನ ಅದನ್ನು ‘ಸುರಂಗ ಬಾವಿ’ ಎಂದು ಕನ್ನಡಿಸಿಕೊಂಡರು. ಕೋಟೆಯ ಲಾಲ್ ಬಾಗಿನಲ್ಲಿರುವುದು ‘ಹೌದು’. ಅದು ಅರಬ್ಬಿಯ ‘ಹೌಜ್’ ನಮ್ಮ ನಾಲಿಗೆಯಲ್ಲಿ ಸವೆದು ಆದದ್ದು. ಬೆಂಗಳೂರಿನಿಂದ ಬಂದ ನನ್ನ ಸೋದರಳಿಯನೊಬ್ಬ, “ಅಲ್ಲಿ ನೀರಿದೆಯೇ?” ಎಂದು ಕೇಳಿದಾಗ ಮನೆಯಲ್ಲಿ ಯಾರೋ “ಹೌದದಾಗ ಅದ” ಎಂದರು. ಅವನು “ಹೌದು ಅಂದರೆ ಸಾಕಿತ್ತಲ್ಲ, ಎರಡೆರಡು ಸಲ ಯಾಕೆ?” ಎಂದ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ ಜಿಲ್ಲೆಯ ಉದಗೀರದ ಭಾಗ ಮರಾಠಿ ಸೀಮೆಗೂ ಜಹೀರಾಬಾದದ ಭಾಗ ತೆಲುಗು ಸೀಮೆಗೂ ಹೋಗಿ, ಭಾಲ್ಕಿ, ಔರಾದ, ಹುಮನಾಬಾದಗಳು ನಮ್ಮ ಪಾಲಿಗೆ ಉಳಿದವು. ನೆಲ ಹಂಚಿದರು, ಪದಗಳನ್ನು ಹಂಚಲು ಆಗಲಿಲ್ಲ. ಇಲ್ಲಿ ಒಬ್ಬನೇ ಮನುಷ್ಯ ಒಂದೇ ದಿನದಲ್ಲಿ ಕೆರೆಯಲ್ಲಿ ಎತ್ತು ತೊಳೆದು, ಹೌದಿನ ನೀರಿನಿಂದ ಕಾಲು ತೊಳೆದು, ಪೆಟ್ರೋಲ್ ಪಂಪಿನಲ್ಲಿ “ಟಾಕಿ ಫುಲ್ ಮಾಡ್ರಿ” ಎನ್ನುತ್ತಾನೆ.

ಈ ‘ಟಾಕಿ’ಯನ್ನು ನಾನು ಇಂಗ್ಲಿಷಿನ ‘ಟ್ಯಾಂಕ್’ ಪದದ ಹಳ್ಳಿಯ ಅಪಭ್ರಂಶವೆಂದೇ ತಿಳಿದಿದ್ದೆ. ‘ಸ್ಟೇಷನ್’ ಹೋಗಿ ‘ಟೇಸನ್’ ಆದ ಹಾಗೆ, ‘ಹಾಸ್ಪಿಟಲ್’ ಹೋಗಿ ‘ಆಸ್ಪತ್ರೆ’ ಆದ ಹಾಗೆ. ಇಂಗ್ಲಿಷ್ ಮೇಷ್ಟ್ರಿಗೆ ಇರುವ ದೊಡ್ಡ ರೋಗವೆಂದರೆ ಇದೇ: ಪದಗಳು ಯಾವಾಗಲೂ ಅತ್ತಲಿಂದ ಇತ್ತ ಬರುತ್ತವೆ, ಇತ್ತಲಿಂದ ಅತ್ತ ಹೋಗುವುದಿಲ್ಲ ಎಂಬ ಭಾವನೆ.

2009ರಲ್ಲಿ ಮಗಳ ಮನೆಗೆಂದು ಹೈದರಾಬಾದಿಗೆ ಹೋದಾಗ ಆಬಿಡ್ಸಿನ ರವಿವಾರದ ಹಳೆಯ ಪುಸ್ತಕಗಳ ಬಾಜಾರಿಗೆ ಹೋಗಿದ್ದೆ. ಫುಟ್‌ಪಾತಿನ ಮೇಲೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ, ವೈದ್ಯಕೀಯ ಪುಸ್ತಕಗಳ ನಡುವೆ, ಇಟ್ಟಿಗೆಯಂಥ ದಪ್ಪ ಪುಸ್ತಕವೊಂದು ಬಿದ್ದಿತ್ತು: ‘ಹಾಬ್ಸನ್-ಜಾಬ್ಸನ್’. ಭಾರತದಲ್ಲಿದ್ದ ಇಂಗ್ಲಿಷರು ಬಳಸುತ್ತಿದ್ದ ದೇಶೀ ಪದಗಳ ಕೋಶ. ಕರ್ನಲ್ ಹೆನ್ರಿ ಯೂಲ್ ಮತ್ತು ಮದ್ರಾಸ್ ಸೀಮೆಯಲ್ಲಿ ನ್ಯಾಯಾಧೀಶರಾಗಿದ್ದ ಎ. ಸಿ. ಬರ್ನೆಲ್ ಇಬ್ಬರೂ ಸೇರಿ ಕಟ್ಟಿದ್ದು. 1886ರಲ್ಲಿ ಅಚ್ಚಾಗುವ ಹೊತ್ತಿಗೆ ಬರ್ನೆಲ್ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಕೋಶದ ಹೆಸರೇ ಒಂದು ತಮಾಷೆ. ಮೊಹರಮ್ಮಿನ ಮೆರವಣಿಗೆಯಲ್ಲಿ ಎದೆ ಬಡಿದುಕೊಳ್ಳುತ್ತ ‘ಯಾ ಹಸನ್, ಯಾ ಹುಸೇನ್’ ಎಂದು ಕೂಗುವುದನ್ನು ಗೋರಾ ಸಿಪಾಯಿಗಳು ‘ಹಾಬ್ಸನ್-ಜಾಬ್ಸನ್’ ಎಂದು ಕೇಳಿಸಿಕೊಂಡರಂತೆ. ಅಲಾಯಿ ಕುಣಿತ ನೋಡಿ ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಚೌಕಾಸಿ ಮಾಡಿ ಪುಸ್ತಕ ಕೊಂಡೆ. ಮಗಳ ಮನೆಗೆ ಬಂದು ಮೊದಲು ತೆರೆದದ್ದೇ ‘ಟಿ’ ಅಕ್ಷರದ ಪುಟಗಳನ್ನು. ಯಾಕೆ ಎಂದು ನೀವು ಊಹಿಸಬಲ್ಲಿರಿ.

ಯೂಲ್ ಸಾಹೇಬರು ಈ ಪದದ ಮುಂದೆ ಕೈಚೆಲ್ಲಿ ಕೂತಿದ್ದಾರೆ. ಇದಕ್ಕೆ ಎರಡು ತೌರುಮನೆ ಇರುವಂತೆ ಕಾಣುತ್ತದೆ, ಒಂದು ಭಾರತದ್ದು, ಇನ್ನೊಂದು ಯೂರೋಪಿನದು ಎಂಬುದು ಅವರ ಅಭಿಪ್ರಾಯದ ಸಾರ. ಭಾರತದ ಕಡೆಯ ಸಾಕ್ಷಿ ಬಲವಾಗಿಯೇ ಇದೆ. ಗುಜರಾತಿಯಲ್ಲಿ ‘ಟಾಂಕು’ ಎಂದರೆ ನೆಲದೊಳಗೆ ಕಟ್ಟಿದ ನೀರಿನ ಹೌದು. ಅಹಮದಾಬಾದಿನ ಹಳೆಯ ಓಣಿಗಳ ಮನೆಗಳಲ್ಲಿ ನಡುಮನೆಯ ಅಂಗಳದ ಕೆಳಗೆ ಮಳೆನೀರನ್ನು ಹಿಡಿದಿಡುವ ಇಂಥವು ಈಗಲೂ ಉಂಟು. ರಾಜಸ್ಥಾನದ ಮರುಭೂಮಿಯಲ್ಲಿ ‘ಟಾಂಕಾ’ ಇಲ್ಲದೆ ಬದುಕೇ ಇಲ್ಲ. ಇನ್ನು ಮರಾಠಿಯಲ್ಲಿ ‘ಟಾಕೆ’. ಶಿವನೇರಿಯಂಥ ಕೋಟೆಗಳಲ್ಲಿ ಬಂಡೆಯನ್ನೇ ಕಡಿದು ಮಾಡಿದ ನೀರಿನ ತೊಟ್ಟಿಗಳಿಗೆ ಇಂದಿಗೂ ಅದೇ ಹೆಸರು. ಅಲ್ಲಿಯ ಗಂಗಾ-ಜಮುನಾ ಟಾಕೆಯನ್ನು ಪ್ರವಾಸ ಹೋದವರು ನೋಡಿರಬಹುದು. ಇಂಗ್ಲಿಷರು ಸೂರತ್ತಿನಲ್ಲಿ ತಮ್ಮ ವ್ಯಾಪಾರದ ಕೋಠಿ ಹಾಕಿದ್ದು 17ನೆಯ ಶತಮಾನದ ಆರಂಭದಲ್ಲಿ, ಅಂದರೆ ಗುಜರಾತಿ ಮಾತಿನ ನಡುಮನೆಯಲ್ಲಿ. ‘ಟ್ಯಾಂಕ್’ ಅವರ ಬರವಣಿಗೆಯಲ್ಲಿ ಕಾಣತೊಡಗುವುದೂ ಆ ಶತಮಾನದಲ್ಲೇ.

ಪುಟದ ಮೇಲೆ ‘ಟಾಕೆ’ಯ ಮರಾಠಿ ರೂಪವನ್ನು ನೋಡಿದಾಗ ನನ್ನ ಕಿವಿಯಲ್ಲಿ ಕೇಳಿಸಿದ್ದು ಆ ಹುಡುಗನ ದನಿ. ಟಿ, ಎ, ಕೆ, ಇ. ಅವನು ಬರೆದದ್ದರಲ್ಲಿ ಕಾಗುಣಿತದ ತಪ್ಪೂ ಇರಲಿಲ್ಲ.

ಹಾಗಾದರೆ ಪದ ನಮ್ಮದೇ ಎಂದು ಘೋಷಿಸಿಬಿಡಬಹುದೇ? ಅಷ್ಟು ಸುಲಭವಲ್ಲ. ಎಲ್ಲ ಪದಗಳೂ ನಮ್ಮಿಂದಲೇ ಹೋದವು ಎಂದು ಸಾಧಿಸುವ ಲೇಖನಗಳು ಈಚೆಗೆ ಬಹಳ ಬರುತ್ತವೆ. ನನ್ನ ಮೊದಲಿನ ರೋಗಕ್ಕೆ ಅದು ಮದ್ದಲ್ಲ, ಅದೇ ರೋಗ ಮಗ್ಗುಲು ಬದಲಿಸಿದ್ದು ಅಷ್ಟೇ. ಪೋರ್ಚುಗೀಸರ ಭಾಷೆಯಲ್ಲಿ ‘ತಾಂಕ್’ ಎಂಬ ಪದವಿದೆ, ಅರ್ಥವೂ ಕೊಳ, ತೊಟ್ಟಿ ಎಂದೇ. ಅವರಲ್ಲಿ ‘ಎಸ್ತಾಂಕಾರ್’ ಎಂದರೆ ಹರಿಯುವುದನ್ನು ತಡೆದು ನಿಲ್ಲಿಸು. ಯೂಲ್ ಇನ್ನೂ ಹಿಂದಕ್ಕೆ ಹೋಗಿ ನಿಂತ ನೀರು ಎಂಬ ಅರ್ಥದ ಲ್ಯಾಟಿನಿನ ‘ಸ್ತಾಗ್ನುಮ್’ ಪದವನ್ನು ತೋರಿಸುತ್ತಾರೆ. ನೀವು ಓದಿದ ‘ಸ್ಟ್ಯಾಗ್ನೆಂಟ್’ ಎಂಬ ಇಂಗ್ಲಿಷ್ ಪದ ಅದೇ ಮನೆಯದು. ಆದರೂ ಪೋರ್ಚುಗೀಸರು ಭಾರತಕ್ಕೆ ಬಂದ ಮೇಲೆ ನಮ್ಮಿಂದ ಕಲಿತು ತಮ್ಮ ಭಾಷೆಗೆ ಒಯ್ದಿರಬಾರದೇಕೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ 1498ರಲ್ಲಿ ಸಿಗುತ್ತದೆ. ವಾಸ್ಕೋ ಡ ಗಾಮನ ಜೊತೆಗೆ ಕಲ್ಲಿಕೋಟೆಗೆ ಬಂದಿದ್ದವನೊಬ್ಬ ಬರೆದಿಟ್ಟ ದಿನಚರಿ ಇದೆ. ನಮ್ಮವರು ಅವರನ್ನು ಒಂದು ದೇವಸ್ಥಾನಕ್ಕೆ ಕರೆದೊಯ್ದರೆ ಆ ಪುಣ್ಯಾತ್ಮರು ಅದನ್ನು ಇಗರ್ಜಿಯೆಂದೇ ತಿಳಿದರು. ಗೋಡೆಯ ಮೇಲಿನ ದೇವತೆಗಳನ್ನು ತಮ್ಮ ಸಂತರೆಂದುಕೊಂಡರು. ಅಲ್ಲಿ ಕಲ್ಲಿನಿಂದ ಕಟ್ಟಿದ ಒಂದು ‘ತಾಂಕ್’ ಇತ್ತು, ದಾರಿಯಲ್ಲೂ ಇಂಥವನ್ನು ಕಂಡೆವು ಎಂಬ ಅರ್ಥದ ಮಾತು ಅದರಲ್ಲಿ ಬರುತ್ತದೆ. ಬಂದಿಳಿದು ಕೆಲವೇ ದಿನ ಕಳೆದವನು ಪರಭಾಷೆಯ ಪದವನ್ನು ಯಾವ ವಿವರಣೆಯೂ ಇಲ್ಲದೆ ಬರೆಯಲಾರ. ಅದು ಅವನು ಊರಿನಿಂದಲೇ ತಂದ ಪದ. ಈ ಸಾಕ್ಷಿಯನ್ನು ನಾನು ತಳ್ಳಿಹಾಕಲಾರೆ.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ಎರಡು ಬೇರೆ ಬೇರೆ ಪದಗಳು, ಒಂದರ ಮುಖ ಇನ್ನೊಂದಕ್ಕೆ ಹೋಲುವಂಥವು, ಭಾರತದ ಪಶ್ಚಿಮ ಕರಾವಳಿಯಲ್ಲಿ ಭೇಟಿಯಾದವು. ಇಂಗ್ಲಿಷರು ಬರುವ ಹೊತ್ತಿಗೆ ಬಂದರಿನ ಪೋರ್ಚುಗೀಸನೂ ‘ತಾಂಕ್’ ಎನ್ನುತ್ತಿದ್ದ, ಊರೊಳಗಿನ ಗುಜರಾತಿಯೂ ‘ಟಾಂಕು’ ಎನ್ನುತ್ತಿದ್ದ. ಇಬ್ಬರೂ ತೋರಿಸುತ್ತಿದ್ದುದು ನೀರನ್ನೇ. ಅವರು ಯಾರಿಂದ ಕಲಿತರು ಎಂದು ಅವರಿಗೇ ತಿಳಿದಿರಲಿಕ್ಕಿಲ್ಲ.

ನಡುವೆ ಒಂದು ಮಾತು. ಸಂಸ್ಕೃತದಲ್ಲಿ ಕಲ್ಲುಕುಟಿಗನ ಉಳಿಗೆ ‘ಟಂಕ’ ಎನ್ನುತ್ತಾರೆ. ಮುದ್ರೆಯೊತ್ತಿದ ನಾಣ್ಯಕ್ಕೂ ‘ಟಂಕ’, ಅದರಿಂದಲೇ ನಮ್ಮ ‘ಟಂಕಸಾಲೆ’. ಬೀದರಿಗೆ ಬಹಮನಿಗಳ ಕಾಲದಲ್ಲಿ ಮುಹಮ್ಮದಾಬಾದ್ ಎಂಬ ಹೆಸರಿತ್ತು, ಆ ಹೆಸರಿನ ಟಂಕಸಾಲೆಯಲ್ಲಿ ಬೆಳ್ಳಿಯ ‘ಟಂಕಾ’ಗಳು ಅಚ್ಚಾದವು. ಉಳಿಯಿಂದ ಕಡಿದದ್ದು ‘ಟಾಕೆ’ ಆಗಿರಬಹುದೇ ಎಂಬ ಆಸೆ ನನಗೆ ಬಹಳ ದಿನ ಇತ್ತು. ಕಿವಿಗೆ ಇಂಪಾದದ್ದೆಲ್ಲ ನಿಜವಾಗಬೇಕೆಂದಿಲ್ಲವಾದ್ದರಿಂದ ಅದನ್ನು ಆಸೆಯಾಗಿಯೇ ಬಿಟ್ಟಿದ್ದೇನೆ.

ಇನ್ನು ಈ ನೀರಿನ ಪದ ರಣರಂಗಕ್ಕೆ ಹೋದದ್ದು ಹೇಗೆ? ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ನೆಲದ ಮೇಲೆ ಎರಡೂ ಪಕ್ಷದವರು ಕಂದಕ ತೋಡಿ, ಮುಳ್ಳುತಂತಿ ಬಿಗಿದು, ಮಷೀನ್ ಗನ್ ಇಟ್ಟು ಕೂತಿದ್ದರು. ಯಾರೂ ಮುಂದೆ ಸರಿಯುವಂತಿರಲಿಲ್ಲ. ಮುಳ್ಳುತಂತಿಯನ್ನು ತುಳಿದು ಕಂದಕವನ್ನು ದಾಟಬಲ್ಲ ಉಕ್ಕಿನ ಬಂಡಿಯೊಂದನ್ನು ಮಾಡಬೇಕೆಂದು 1915ರ ಫೆಬ್ರವರಿಯಲ್ಲಿ ಬ್ರಿಟಿಷ್ ನೌಕಾಖಾತೆಯಲ್ಲಿ ಒಂದು ಸಮಿತಿ ಆಯಿತು. ಚರ್ಚಿಲ್ ಆಗ ನೌಕಾಖಾತೆಯ ಮುಖ್ಯಸ್ಥರಾಗಿದ್ದುದರಿಂದಲೋ ಏನೋ ಅದಕ್ಕೆ ‘ನೆಲದ ಹಡಗು’ ಎಂದೇ ಹೆಸರು. ಲಿಂಕನ್ ಪಟ್ಟಣದಲ್ಲಿ ರೈತರ ಯಂತ್ರಗಳನ್ನು ಮಾಡುತ್ತಿದ್ದ ವಿಲಿಯಂ ಫಾಸ್ಟರ್ ಕಂಪನಿ ಅದನ್ನು ತಯಾರಿಸಿತು. ಆದರೆ ‘ನೆಲದ ಹಡಗು’ ಎಂದು ಕಾಗದಪತ್ರದಲ್ಲಿ ಬರೆದರೆ ಗುಟ್ಟು ರಟ್ಟಾಗುತ್ತದಲ್ಲ? ಅದಕ್ಕೆ 1915ರ ಡಿಸೆಂಬರಿನಲ್ಲಿ ಕರ್ನಲ್ ಸ್ವಿಂಟನ್ ಮೊದಲಾದವರು ಕೂತು ಬೇರೆ ಹೆಸರು ಹುಡುಕಿದರು. ನೋಡುವುದಕ್ಕೆ ಅದು ದೊಡ್ಡ ನೀರಿನ ಪೆಟ್ಟಿಗೆಯ ಹಾಗಿತ್ತು. ‘ಸಿಸ್ಟರ್ನ್’, ‘ರಿಸರ್ವಾಯರ್’ ಎಂಬ ಹೆಸರುಗಳೂ ಬಂದುಹೋದವು; ಕೊನೆಗೆ ಒಂದೇ ಉಸಿರಿನ ‘ಟ್ಯಾಂಕ್’ ನಿಂತಿತು. ಮೆಸಪೊಟೇಮಿಯಾದ ಸೈನ್ಯಕ್ಕೆ ನೀರು ಒಯ್ಯುವ ಬಂಡಿಗಳಿವು ಎಂದು ಸುದ್ದಿ ಹಬ್ಬಿಸಿದರು. ಈಗಿನ ಇರಾಕಿನ ಆ ರಣಾಂಗಣದಲ್ಲಿ ಹೋರಾಡುತ್ತಿದ್ದವರಲ್ಲಿ ಬಹುಪಾಲು ಭಾರತೀಯ ಸಿಪಾಯಿಗಳೇ, ಬಿಸಿಲಿನ ನಾಡು, ನೀರು ಬೇಕೇ ಬೇಕು. ಹಾಗಾಗಿ ಸುಳ್ಳು ನಂಬುವಂತೆಯೇ ಇತ್ತು. 1916ರ ಸೆಪ್ಟೆಂಬರ್ 15ರಂದು ಸೋಮ್ ನದಿಯ ಸೀಮೆಯಲ್ಲಿ ಅವು ಮೊದಲ ಸಲ ಯುದ್ಧಕ್ಕೆ ಇಳಿದವು. ಅರ್ಧ ದಾರಿಯಲ್ಲೇ ಕೆಟ್ಟು ನಿಂತವೇ ಹೆಚ್ಚು. ಗುಟ್ಟು ಒಡೆಯಿತು, ಗುಟ್ಟಿನ ಹೆಸರು ಮಾತ್ರ ಉಳಿಯಿತು. ಜರ್ಮನರು ‘ಪಾಂಜರ್’ ಎಂದು, ಫ್ರೆಂಚರು ‘ಶಾರ್’ ಎಂದು ತಮ್ಮ ಪದ ಮಾಡಿಕೊಂಡರು. ಪೋರ್ಚುಗೀಸರ ‘ತಾಂಕ್’ ಪದಕ್ಕೆ ಬಟ್ಟೆ ಒಗೆಯುವ ತೊಟ್ಟಿಯ ಅರ್ಥದ ಜೊತೆಗೆ ಯುದ್ಧದ ಬಂಡಿಯ ಅರ್ಥವೂ ತಿರುಗಿ ಬಂದು ಸೇರಿತು. ಮಗಳು ಬಾಣಂತಿತನಕ್ಕೆ ತೌರಿಗೆ ಬಂದ ಹಾಗೆ.

ಆ ದಿನದಿಂದ ಒಂದು ದಿನ ಕಡಿಮೆ 32 ವರ್ಷಕ್ಕೆ ಟ್ಯಾಂಕುಗಳು ನಮ್ಮ ಸೀಮೆಗೂ ಬಂದವು.

1948ರ ಸೆಪ್ಟೆಂಬರಿನಲ್ಲಿ ನನಗೆ ಎರಡು ವರ್ಷ. ಅವ್ವ ನನ್ನನ್ನು ಕರೆದುಕೊಂಡು ತೌರುಮನೆಗೆ ಬಂದಿದ್ದಳು. ಆ ಊರು ಸೋಲಾಪುರ-ಹೈದರಾಬಾದ ರಸ್ತೆಯಿಂದ ಒಳಗೆ, ರಾಜೇಶ್ವರದ ಕಡೆಗೆ. ಆ ವರ್ಷದ ಸ್ಥಿತಿಯನ್ನು ಹಿರಿಯರು ಬಲ್ಲರು. ರಜಾಕಾರರ ಹಾವಳಿಗೆ ಹೆದರಿ ಎಷ್ಟೋ ಕುಟುಂಬಗಳು ಗಡಿಯಾಚೆ ಸೋಲಾಪುರದ ಕಡೆ ಹೋಗಿದ್ದವು. ಮೇ ತಿಂಗಳಲ್ಲಿ ಗೋರ್ಟಾದಲ್ಲಿ ನಡೆದ ಕೊಲೆಗಳ ಸುದ್ದಿ ಊರೂರಿನ ನಿದ್ದೆ ಕೆಡಿಸಿತ್ತು. ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ. ಎನ್. ಚೌಧರಿಯವರ ನೇತೃತ್ವದಲ್ಲಿ ಭಾರತದ ಸೈನ್ಯ ಸೋಲಾಪುರದ ಕಡೆಯಿಂದ ನಿಜಾಮರ ಸೀಮೆಯನ್ನು ಹೊಕ್ಕಿತು. ನಳದುರ್ಗ, ಉಮರ್ಗಾ ದಾಟಿ 14ರ ಮಧ್ಯಾಹ್ನದ ಹೊತ್ತಿಗೆ ರಾಜೇಶ್ವರ ಅದರ ಕೈಸೇರಿತು. ಅದಕ್ಕೂ ಮುಂಚೆ ವಿಮಾನಗಳು ಬಂದು ದಾರಿಯ ಮೋರ್ಚೆಗಳ ಮೇಲೆ ದಾಳಿ ಮಾಡಿದ್ದವು. 17ರ ನಸುಕಿನಲ್ಲಿ ಸೈನ್ಯ ಬೀದರ ನಗರವನ್ನು ಪ್ರವೇಶಿಸಿತು. ಅದೇ ದಿನ ಸಂಜೆ ನಿಜಾಮರು ಯುದ್ಧ ನಿಲ್ಲಿಸಿದರು.

ಇದು ಪುಸ್ತಕದಲ್ಲಿರುವುದು. ಅವ್ವ ಹೇಳುತ್ತಿದ್ದುದು ಬೇರೆ. ಸಂತೆಯ ದಾರಿಯಿಂದ ಓಡಿಬಂದ ಒಬ್ಬ ಗೌಳಿ, “ಟ್ಯಾಂಕ ಬರ್ಲತಾವ, ಟ್ಯಾಂಕ ಬರ್ಲತಾವ” ಎಂದು ಹನುಮಂತ ದೇವರ ಕಟ್ಟೆಯ ಮುಂದೆ ಕೂಗಿದನಂತೆ. ಅವ್ವ ಅಕ್ಷರ ಕಲಿತವಳಲ್ಲ. ಅವಳು ಬಲ್ಲ ಟಾಕಿ ಒಂದೇ: ಭಾಲ್ಕಿ ರೈಲು ಸ್ಟೇಷನ್ನಿನಲ್ಲಿ ಇಂಜಿನ್ನಿಗೆ ನೀರು ತುಂಬಿಸುವ, ಕಬ್ಬಿಣದ ಕಾಲುಗಳ ಮೇಲೆ ನಿಂತ ಟಾಕಿ. ಅದು ರಸ್ತೆಯ ಮೇಲೆ ಹೇಗೆ ನಡೆದು ಬರುತ್ತದೆ ಎಂಬುದು ಅವಳಿಗೆ ತಿಳಿಯಲಿಲ್ಲ. “ಭಾದ್ರಪದದ ಮಳಿ ಹಿಂಗ ಹೊಡಿಲತದ, ಹಳ್ಳಾ ತುಂಬ್ಯಾವ, ಈಗ್ಯಾಕ ನೀರ್ ತರ್ಲತಾರ?” ಎಂದು ಅವಳು ಅಜ್ಜನನ್ನು ಕೇಳಿದಳಂತೆ. ಅಜ್ಜ ಉತ್ತರ ಕೊಡದೆ ಹೆಂಗಸರು ಮಕ್ಕಳನ್ನೆಲ್ಲ ಜೋಳದ ಹಗೇವಿನೊಳಗೆ ಇಳಿಸಿದ. ಎರಡು ರಾತ್ರಿ ನಾವು ಅಲ್ಲೇ ಇದ್ದೆವು ಎಂದು ಅವ್ವ ಹೇಳುತ್ತಿದ್ದಳು. ನಾನು ಅಳದಂತೆ ಬಾಯಿಗೆ ಬೆಲ್ಲದ ತುಣುಕು ಇಡುತ್ತಿದ್ದಳಂತೆ. ನನಗೆ ಒಂದೂ ನೆನಪಿಲ್ಲ.

ಅವ್ವ ಟ್ಯಾಂಕನ್ನು ಕಣ್ಣಿನಿಂದ ನೋಡಲೇ ಇಲ್ಲ. ಮೇಲೆ ಬಂದ ಮೇಲೆ ಗಂಡಸರ ಹಿಂದೆ ರಸ್ತೆಯವರೆಗೆ ಹೋದಾಗ ಅವಳು ಕಂಡದ್ದು ಹಸಿನೆಲದಲ್ಲಿ ಮೊಳದುದ್ದ ಒತ್ತಿದ ಪಟ್ಟಿಯ ಗುರುತುಗಳನ್ನು. ಮಳೆ ಬಂದು ಆ ಗುರುತಿನ ಸಾಲು ಸಾಲು ಗುಂಡಿಗಳಲ್ಲಿ ನೀರು ನಿಂತಿತ್ತು. ಎಮ್ಮೆಯೊಂದು ಅದರಲ್ಲೇ ಮೂತಿ ಇಟ್ಟು ಕುಡಿಯುತ್ತಿತ್ತು. “ಅಂದಮ್ಯಾಲ ನಾ ಅಂದಿದ್ದೇನು ಸುಳ್ಳಲ್ಲ, ನೀರು ತಂದೇ ತಂದ್ರು” ಎಂದು ಈ ಕಥೆಯನ್ನು ಮುಗಿಸುವುದು ಅವಳ ರೂಢಿ. ನಗುತ್ತಲೇ ಹೇಳುತ್ತಿದ್ದಳು. ನಂತರದ ವಾರಗಳ ಬಗ್ಗೆ ಕೇಳಿದರೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು. ಟ್ಯಾಂಕು ಹೋದ ಮೇಲೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಮುಸಲ್ಮಾನ ನೆರೆಹೊರೆಯವರ ಮೇಲೆ ನಡೆದ ಸೇಡಿನ ಕೃತ್ಯಗಳನ್ನು ನೋಡಲು ಕೇಂದ್ರ ಸರಕಾರ ಪಂಡಿತ ಸುಂದರಲಾಲರ ತಂಡವನ್ನು ಕಳಿಸಿತ್ತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅವರ ವರದಿ ಹೇಳಿದ್ದರಲ್ಲಿ ಉಸ್ಮಾನಾಬಾದ, ಗುಲಬರ್ಗಾ, ನಾಂದೇಡಗಳ ಜೊತೆಗೆ ಬೀದರವೂ ಒಂದು. ಅವ್ವನ ಬಾಲ್ಯದ ಗೆಳತಿಯ ಮನೆ ಆ ಊರಿನಲ್ಲಿ ಆಮೇಲೆ ಬೀಗ ಹಾಕಿಯೇ ಇತ್ತು. ಇದಕ್ಕಿಂತ ಹೆಚ್ಚಿಗೆ ಅವಳು ನನಗೆ ಹೇಳಲಿಲ್ಲ.

ಲಿಂಕನ್ನಿನ ಕಾರ್ಖಾನೆಯಲ್ಲಿ ಕಟ್ಟಿದ ಸುಳ್ಳು ಯಾವ ಗುಪ್ತಚರನಿಗಾಗಿ ಹುಟ್ಟಿತೋ ಅವನನ್ನು ಎಷ್ಟು ದಿನ ನಂಬಿಸಿತೋ ಕಾಣೆ. ನನ್ನ ಅವ್ವನನ್ನಂತೂ 32 ವರ್ಷದ ಮೇಲೂ ನಂಬಿಸಿತು. ಪದದ ಮೂಲ ಅರ್ಥವನ್ನು ಸರಿಯಾಗಿ ಬಲ್ಲವರಷ್ಟೇ ಮೋಸಹೋಗುವಂಥ ಸುಳ್ಳು ಅದು.

ಉಳಿದ ಅರ್ಥಗಳನ್ನು ಬೇಗ ಹೇಳಿಬಿಡುತ್ತೇನೆ. ‘ಟ್ಯಾಂಕ್ ಟಾಪ್’ ಎಂಬ ತೋಳಿಲ್ಲದ ಅಂಗಿ ಈಜುಕೊಳಕ್ಕೆ ಹಾಕಿಕೊಳ್ಳುವ ಉಡುಪಿನಿಂದ ಬಂದದ್ದು, ಯುದ್ಧದ ಟ್ಯಾಂಕಿನಿಂದ ಅಲ್ಲ. ‘ಥಿಂಕ್ ಟ್ಯಾಂಕ್’ ಎಂದರೆ ಮೊದಲು ತಮಾಷೆಗೆ ತಲೆ, ಮಿದುಳು; ಆಮೇಲೆ ಸರಕಾರಕ್ಕೆ ಸಲಹೆ ಕೊಡುವ ಪಂಡಿತರ ಕೂಟ. ಆಟದಲ್ಲಿ ಬೇಕೆಂದೇ ಸೋಲುವುದಕ್ಕೂ ಇದೇ ಪದ ಎಂದು ಮೊಮ್ಮಗ ಹೇಳುತ್ತಾನೆ. ಮೇಷ್ಟ್ರಾಗಿದ್ದಾಗ ಗೊತ್ತಿದ್ದರೆ ಕೆಲವು ಉತ್ತರಪತ್ರಿಕೆಗಳ ಮೇಲೆ ಬರೆಯಬಹುದಿತ್ತು.

ಈಗ ಆ ಹುಡುಗನ ವಿಷಯ. ಹಾಬ್ಸನ್-ಜಾಬ್ಸನ್ ಓದಿದ ಮೇಲೆ ಅವನನ್ನು ಹುಡುಕಬೇಕೆಂದುಕೊಂಡೆ. ಅಂದುಕೊಂಡದ್ದು ಸುಲಭ, ಮಾಡಲು ವರ್ಷಗಳೇ ಹಿಡಿದವು. ಕೊನೆಗೆ ಬೀದರಿನಲ್ಲಿ ಒಂದು ಮದುವೆಯಲ್ಲಿ ಅವನ ಸಹಪಾಠಿಯೊಬ್ಬ ಕಾಲಿಗೆ ಎರಗಿದ. ಮಾತಿನ ನಡುವೆ “ನಮ್ಮ ಟಾಕೀಸ್ ಪುಣೆ ಕಡಿ ಫ್ಯಾಕ್ಟರಿಯೊಳಗ ಇದ್ದ ಸರ್, ಈಗ ವಾಪಸ್ ಊರಿಗಿ ಬಂದಾನ” ಎಂದು ತಾನಾಗಿಯೇ ಹೇಳಿದ. ಮೊಬೈಲ್ ನಂಬರ್ ಬರೆದುಕೊಂಡೆ. ಅದು ಡೈರಿಯಲ್ಲಿ ನಾಲ್ಕು ತಿಂಗಳು ಹಾಗೇ ಇತ್ತು. ಶಿಷ್ಯನಿಗೆ ಫೋನ್ ಮಾಡಲು ಮೇಷ್ಟ್ರಿಗೆ ಇಷ್ಟು ಅಂಜಿಕೆಯೇ ಎಂದು ನನ್ನ ಹೆಂಡತಿ ನಕ್ಕಳು.

ಅವನು ನನ್ನ ದನಿ ಗುರುತಿಸಿದ. “ಸರ್, ನೀವಾ? ಆರಾಮ ಅದೀರಿ?” ಎಂದ. ಕ್ಷೇಮಸಮಾಚಾರ ಆದ ಮೇಲೆ ನಾನು ನೇರವಾಗಿ, 1978ರ ಪರೀಕ್ಷೆಯಲ್ಲಿ ನೀನು ಬರೆದದ್ದರಲ್ಲಿ ಬಹಳಷ್ಟು ಸರಿ ಇತ್ತು, ನಾನು ತಪ್ಪು ಹಾಕಿದೆ, ಎಲ್ಲರ ಮುಂದೆ ನಗಿಸಿದೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಅಡ್ಡಹೆಸರಿನ ದೆಸೆಯಿಂದ ಶಾಲೆ ಬಿಟ್ಟೆಯಾ ಎಂದು ಕೇಳಿದೆ. “ಏ, ಇಲ್ರಿ ಸರ್. ಆ ವರ್ಷ ನಮ್ಮ ಎತ್ತು ಸತ್ತಿತ್ತು. ಹಾಸ್ಟೆಲಿಗಿ ರೊಕ್ಕ ಇರ್ಲಿಲ್ಲ” ಎಂದ. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆದರೆ ಅವನು ಅಲ್ಲಿಗೆ ನಿಲ್ಲಿಸಲಿಲ್ಲ.

“ಒಂದು ಮಾತ್ ಹೇಳ್ಲೇನ್ರಿ ಸರ್? ದೀಪಾವಳಿ ಸೂಟಿಗಿ ಊರಿಗಿ ಹೋದಾಗ ಆಜಿ ಮ್ಯಾಲ ಸಿಟ್ಟು ಮಾಡಿದ್ದೆ. ನಿನ್ನ ಮಾತು ಕೇಳಿ ನನ್ನ ಮಾರ್ಕ್ಸ್ ಹೋದ್ವು, ಅದು ನಮ್ಮ ಮಾತಲ್ಲ ಅಂತ ಸರ್ ಹೇಳ್ಯಾರ ಅಂತ. ಆಕಿ ಏನೂ ಅನ್ಲಿಲ್ಲ. ಆದ್ರ ಆಮ್ಯಾಲ ನನ್ ಮುಂದ ಟಾಕೆ ಅಂತ ಅನ್ಲೇ ಇಲ್ಲ. ಪಾಣಿ ಹಿಡಿಯೋದು, ಅಂತಿದ್ಳು.”

ಆ ಆಜಿ ತೀರಿಹೋಗಿ ಎಷ್ಟು ವರ್ಷವಾಯಿತು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವನೇ ಮಾತು ಬದಲಿಸಿದ. ಊರ ಹೊರಗೆ ಮಹಾದೇವನ ಗುಡಿಯ ಹಿಂದೆ, ಮುರಕಲ್ಲಿನ ಹಾಸಿನಲ್ಲಿ ಕಡಿದ ಆ ಟಾಕೆ ಈಗಲೂ ಇದೆಯಂತೆ. ಮನೆಮನೆಗೆ ನಳ ಬಂದ ಮೇಲೆ ಅದರ ನೀರು ಕುಡಿಯುವವರು ಯಾರೂ ಇಲ್ಲ. ಸಂಕ್ರಾಂತಿಯವರೆಗೆ ನೀರು ನಿಲ್ಲುತ್ತದೆ, ದನಗಳಿಗೆ ಆಗುತ್ತದೆ. “ಒಂದ್ಸಲ ಬಂದು ನೋಡ್ರಿ ಸರ್. ಔರಾದ ಬಸ್ ಸ್ಟ್ಯಾಂಡಿಗಿ ನಾನೇ ಗಾಡಿ ತಗೊಂಡ್ ಬರ್ತೀನಿ” ಎಂದ.

ಮಂಡಿ ನೋವಿನ ಕಾರಣ ಈ ಮಳೆಗಾಲ ಹೋಗಲಾಗಲಿಲ್ಲ. ಸಂಕ್ರಾಂತಿಗೆ ಮುಂಚೆ ಹೋಗಬೇಕೆಂದಿದ್ದೇನೆ.